ಪಿಂಗಾಣಿಯಲ್ಲಿ ಕಿಟಕಿ ಮಾಡುವುದು ಹೇಗೆ?

ಪಿಂಗಾಣಿ ಅಂದರೆ ಟೀ ಕಪ್ಪು, ವಾಷ್ ಬೇಸಿನ್ ಕಣ್ಣಮುಂದೆ ಬರುತ್ತದೆ. ಆಚೆ ಬದಿ ಸ್ಪಷ್ಟವಾಗಿ ಕಾಣುವ ಪಿಂಗಾಣಿಯೂ ಇದೆ. ಕ್ಷಿಪಣಿಯ ಮೂತಿಗೆ, ವಿಮಾನದ ಇನ್‌ಫ್ರಾರೆಡ್ ಕ್ಯಾಮೆರಾದ ಮುಂದೆ ಕೂರಿಸಲು ಅದು ಬೇಕು. ಮನೆಯ ಕಿಟಕಿ ಗಾಜು ಅಲ್ಲಿ ನಡೆಯುವುದಿಲ್ಲ. ಇನ್‌ಫ್ರಾರೆಡ್ ಕಿರಣದ ಬಹುಪಾಲನ್ನು ಅದೇ ನುಂಗಿಬಿಡುತ್ತದೆ, ಜೊತೆಗೆ ಮರಳು ಬಡಿದರೆ ಬೇಗ ಗೀರು ಬೀಳುತ್ತದೆ.

ಪಿಂಗಾಣಿ ಬೆಳ್ಳಗಿರುವುದು ಯಾಕೆ? ಕಲ್ಲುಸಕ್ಕರೆಯ ಹರಳು ತಿಳಿಯಾಗಿರುತ್ತದೆ, ಕುಟ್ಟಿ ಪುಡಿ ಮಾಡಿದರೆ ಬಿಳಿಯಾಗುತ್ತದೆ, ಅಲ್ವಾ? ಕಣಗಳ ನಡುವೆ ಗಾಳಿ ಸೇರಿ ಬೆಳಕು ಚೆದುರುತ್ತದೆ. ಪಿಂಗಾಣಿಯಲ್ಲೂ ಅಷ್ಟೇ. ಒಳಗೆ ಉಳಿದ ಸೂಕ್ಷ್ಮ ರಂಧ್ರಗಳೇ ಶತ್ರು. ಸಾವಿರದಲ್ಲಿ ಒಂದು ಪಾಲು ರಂಧ್ರ ಉಳಿದರೂ ಕಿಟಕಿ ಮಂಜಾಗುತ್ತದೆ. ಮುಂದಿನ ಕೆಲಸವೆಲ್ಲ ಆ ಕೊನೆಯ ರಂಧ್ರಗಳನ್ನು ಓಡಿಸುವುದಕ್ಕೇ.

ಮೊದಲು ವಸ್ತುವಿನ ಆಯ್ಕೆ. ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಹರಳಿನೊಳಗೆ ಬೆಳಕು ಒಂದೊಂದು ದಿಕ್ಕಿನಲ್ಲಿ ಒಂದೊಂದು ರೀತಿ ಬಾಗುತ್ತದೆ. ಹಾಗಾಗಿ ರಂಧ್ರ ಹೋದರೂ ಅದು ಸಾಮಾನ್ಯವಾಗಿ ಹಾಲುಬಣ್ಣದಲ್ಲೇ ಉಳಿಯುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ರಾಬರ್ಟ್ ಕೋಬಲ್ ರೂಪಿಸಿದ ಅಂಥ ಅಲ್ಯೂಮಿನಾ ಬೀದಿಯ ಹಳದಿ ಸೋಡಿಯಂ ದೀಪಗಳ ಕೊಳವೆಯಾಯಿತು. ದೀಪಕ್ಕೆ ಅಷ್ಟು ಸಾಕು, ಕ್ಯಾಮೆರಾಗೆ ಸಾಲದು. ಮೆಗ್ನೀಸಿಯಂ ಅಲ್ಯೂಮಿನೇಟ್, ಅಂದರೆ ಸ್ಪಿನೆಲ್, ಎಲ್ಲ ದಿಕ್ಕಿಗೂ ಒಂದೇ ರೀತಿ ವರ್ತಿಸುತ್ತದೆ. ಗಾಜಿಗಿಂತ ಎರಡು ಪಟ್ಟಿಗೂ ಹೆಚ್ಚು ಗಟ್ಟಿ. ಹೊಸ ವಸ್ತುಗಳ ಸಂಶೋಧನೆ ನಡೆಸುವ ಹೈದರಾಬಾದಿನ ಎಆರ್‌ಸಿಐ ಸಂಸ್ಥೆಯಲ್ಲೂ ಇದರ ಮೇಲೆ ಕೆಲಸ ನಡೆದಿದೆ.

ಪುಡಿ ಅತಿ ಶುದ್ಧವಾಗಿರಬೇಕು, ಕಣ ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದ ಒಂದು ಪಾಲು) ಚಿಕ್ಕದಿರಬೇಕು. ಪುಡಿ ಗಂಟು ಕಟ್ಟಿದ್ದರೆ ಅಲ್ಲೇ ದೊಡ್ಡ ರಂಧ್ರ ಕೂರುತ್ತದೆ, ಆಮೇಲೆ ಎಷ್ಟು ಸುಟ್ಟರೂ ಹೋಗುವುದಿಲ್ಲ. ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ರಬ್ಬರ್ ಚೀಲದಲ್ಲಿಟ್ಟು ದ್ರವದೊಳಗೆ ಎಲ್ಲ ಕಡೆಯಿಂದ ಮತ್ತೆ ಒತ್ತುತ್ತಾರೆ. ಅಂಟು ಬೆರೆಸಿದ್ದರೆ ನಿಧಾನವಾಗಿ ಕಾಯಿಸಿ ಸುಟ್ಟು ತೆಗೆಯಬೇಕು. ಆತುರಪಟ್ಟರೆ ಬಿಲ್ಲೆ ಬಿರುಕು ಬಿಡುತ್ತದೆ.

ಈಗ ನಿರ್ವಾತ ಕುಲುಮೆ, ಸುಮಾರು 1500 ಡಿಗ್ರಿ. ಇಲ್ಲಿ ನೋಡಬೇಕಾದದ್ದು ಒಂದೇ: ಉಳಿದ ರಂಧ್ರಗಳೆಲ್ಲ ಮುಚ್ಚಿಕೊಂಡಿವೆಯೇ? ಬಿಲ್ಲೆಯನ್ನು ಗಾಳಿಯಲ್ಲೊಮ್ಮೆ, ನೀರಲ್ಲೊಮ್ಮೆ ತೂಗಿ ಸಾಂದ್ರತೆ ಲೆಕ್ಕ ಹಾಕುತ್ತಾರೆ. ಸ್ಪಿನೆಲ್‌ನ ಪೂರ್ಣ ಸಾಂದ್ರತೆ ಘನ ಸೆಂಟಿಮೀಟರಿಗೆ 3.58 ಗ್ರಾಂ. ಅದರ ಶೇ 95ಕ್ಕೂ ಮೇಲೆ ಬಂದಿರಬೇಕು. ಯಾಕೆಂದರೆ ಮುಂದಿನ ಹಂತದಲ್ಲಿ ಬಿಸಿ ಆರ್ಗಾನ್ ಅನಿಲ 1000ದಿಂದ 2000 ವಾತಾವರಣದಷ್ಟು ಒತ್ತಡದಲ್ಲಿ ಬಿಲ್ಲೆಯನ್ನು ಸುತ್ತಲಿಂದ ಹಿಂಡುತ್ತದೆ. ಮುಚ್ಚಿದ ರಂಧ್ರ ಕುಗ್ಗಿ ಮಾಯವಾಗುತ್ತದೆ. ಹೊರಮೈಗೆ ತೆರೆದ ರಂಧ್ರವಿದ್ದರೆ ಅನಿಲ ಸುಮ್ನೆ ಒಳಗೆ ನುಗ್ಗುತ್ತದೆ, ಹಿಂಡಿದ್ದೆಲ್ಲ ವ್ಯರ್ಥ.

ಇನ್ನೊಂದು ದಾರಿಯಲ್ಲಿ ಗ್ರಾಫೈಟ್ ಅಚ್ಚಿನಲ್ಲಿಟ್ಟು ಕಾಯಿಸುತ್ತಲೇ ಒತ್ತುತ್ತಾರೆ. ಅದಕ್ಕೆ ಒಂದಿಷ್ಟು ಲಿಥಿಯಂ ಫ್ಲೋರೈಡ್ ಬೆರೆಸುತ್ತಾರೆ. ಅದು ಸುಮಾರು 845 ಡಿಗ್ರಿಗೆ ಕರಗಿ ಕಣಗಳು ಬೇಗ ಒತ್ತಾಗಲು ನೆರವಾಗುತ್ತದೆ, ಆಮೇಲೆ ಆವಿಯಾಗಿ ಹೋಗಬೇಕು. ಪೂರ್ತಿ ಹೋಗದಿದ್ದರೆ ಮಂಜು ಉಳಿಯುತ್ತದೆ. ಗ್ರಾಫೈಟಿನ ಇಂಗಾಲ ಹೊಕ್ಕರೆ ಬಿಲ್ಲೆ ಬೂದುಬಣ್ಣಕ್ಕೆ ತಿರುಗುತ್ತದೆ.

ಕುಲುಮೆಯಿಂದ ಬಂದ ಬಿಲ್ಲೆ ನೋಡಿ ನಿರಾಸೆಪಡಬೇಡಿ, ಒರಟು ಮೈಯಿಂದಾಗಿ ಅದು ಮಸುಕಾಗಿಯೇ ಕಾಣುತ್ತದೆ. ವಜ್ರದ ಪುಡಿಯಲ್ಲಿ ಉಜ್ಜಿ ನಯ ಮಾಡಬೇಕು. ಖರ್ಚು ಇಲ್ಲೂ ಜಾಸ್ತಿ, ವಸ್ತು ಅಷ್ಟು ಗಟ್ಟಿ. ಚೆನ್ನಾಗಿ ಬಂದ ಬಿಲ್ಲೆ ಶೇ 87ರಷ್ಟು ಬೆಳಕನ್ನು ದಾಟಿಸುತ್ತದೆ. ಉಳಿದದ್ದು ಎರಡು ಮೈಗಳಲ್ಲಿ ಪ್ರತಿಫಲಿಸಿ ಹೋಗುತ್ತದೆ, ಅದನ್ನು ತಗ್ಗಿಸಲು ತೆಳು ಲೇಪನ ಕೊಡುತ್ತಾರೆ.

ಸ್ಪಿನೆಲ್ 3ರಿಂದ 5 ಮೈಕ್ರಾನ್ ತರಂಗಾಂತರದ ಇನ್‌ಫ್ರಾರೆಡ್ ಪಟ್ಟಿಯ ಕ್ಯಾಮೆರಾಗೆ ಹೊಂದುತ್ತದೆ. ಮೈಬಿಸಿ ಹಿಡಿಯುವ 8ರಿಂದ 12 ಮೈಕ್ರಾನ್ ಪಟ್ಟಿಯನ್ನು ಅದು ಬಿಡುವುದಿಲ್ಲ. ಅಲ್ಲಿಗೆ ಸತುವಿನ ಸಲ್ಫೈಡ್‌ನಂಥ ಕಿಟಕಿ ಬೇಕು, ಸತುವಿನ ಸಲ್ಫೈಡ್ ಸ್ಪಿನೆಲ್‌ಗಿಂತ ಬಹಳ ಮೆದುವಾಗಿದ್ದರೂ.