ಆನ್‌ಲೈನ್‌ನಲ್ಲಿ ಚೀಸ್ ತರಿಸುವವರಿಗೆ

ಚೀಸ್ ಆರ್ಡರ್ ಮಾಡುವುದಾದರೆ ವಾರದ ಶುರುವಿನಲ್ಲೇ ಮಾಡಿ. ಶುಕ್ರವಾರ ಹೊರಟ ಪಾರ್ಸೆಲ್ ಗೋದಾಮಿನಲ್ಲಿ ಸುಮ್ನೆ ಕೂತು ಬೆವರುತ್ತದೆ. ಮೊದಲ ಸಲವಾದರೆ ಪಾರ್ಮೆಸಾನ್, ಹಳೆಯ ಗೌಡಾ ಥರದ ಗಟ್ಟಿ ಚೀಸ್ ಒಳ್ಳೆಯದು. ನೀರಿನಂಶ ಕಡಿಮೆ, ದಾರಿಯಲ್ಲಿ ಬೇಗ ಕೆಡುವುದಿಲ್ಲ. ಬ್ರೀ, ತಾಜಾ ಮೊಜರೆಲ್ಲಾ ಥರದ ಮೆತ್ತನೆಯ ಚೀಸ್ ಬೇಕೆಂದರೆ ಐಸ್ ಪ್ಯಾಕ್ ಹಾಕಿ ಕಳಿಸುತ್ತಾರಾ ಅಂತ ಕೇಳಿಯೇ ದುಡ್ಡು ಕಟ್ಟಿ. ತುರಿದದ್ದು ಬೇಡ, ತುಂಡೇ ತರಿಸಿ. ತುರಿಯ ರುಚಿ ಬೇಗ ಹೋಗುತ್ತದೆ.

ಹಳೆಯ ಗೌಡಾ ಕತ್ತರಿಸಿದಾಗ ಒಳಗೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಕಂಡರೆ ಬೂಸ್ಟು ಅಂದುಕೊಂಡು ಎಸೆಯಬೇಡಿ! ಅದು ಟೈರೋಸಿನ್ ಎಂಬ ಅಮೈನೋ ಆಮ್ಲದ ಹರಳು, ಚೆನ್ನಾಗಿ ಮಾಗಿದ ಗುರುತು. ಹಲ್ಲಿಗೆ ಸಿಕ್ಕಾಗ ಕರಂ ಅನ್ನುತ್ತದೆ, ನನಗಂತೂ ಅದೇ ಜಾಸ್ತಿ ಇಷ್ಟ. ಪ್ಯಾಕ್ ಒಡೆದ ಮೇಲೆ ಬಟರ್ ಪೇಪರ್‌ನಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ, ಪರಿಮಳ ಆಗಲೇ ಬಿಚ್ಚಿಕೊಳ್ಳುವುದು.