ಶುಕ್ರವಾರ ಬೆಳಗಿನ ಎಣ್ಣೆ

ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಗೆ ಗುರುವಾರ ವಾರದ ರಜೆ. ಹಾಗಾಗಿ ನನಗೆ ಇಷ್ಟದ ದಿನ ಶುಕ್ರವಾರ. ಬೆಳಿಗ್ಗೆ ಆರೂವರೆಗೆ ಇಟಿಪಿಯ, ಅಂದರೆ ಕಾರ್ಖಾನೆಯ ಕೊಳಕು ನೀರು ಶುದ್ಧ ಮಾಡುವ ಘಟಕದ, ಕಲೆಕ್ಷನ್ ಟ್ಯಾಂಕಿನ (ನೀರು ಮೊದಲು ಬಂದು ಸೇರುವ ಗುಂಡಿ) ಮುಚ್ಚಳ ಸರಿಸಿದರೆ ಎಣ್ಣೆ ಕೆನೆಗಟ್ಟಿದ ಹಾಗೆ ಮೇಲೆ ನಿಂತಿರುತ್ತದೆ. ಒಂದಿಡೀ ದಿನ ಯಾರೂ ಕಲಕಿಲ್ಲ, ಅದಕ್ಕೇ. ಇಂಡಿ ತಾಲ್ಲೂಕಿನಿಂದ ಬಂದು 14 ವರ್ಷ ಈ ಗುಂಡಿ ಪಕ್ಕ ನಿಂತು ಕಲಿತದ್ದು ಇಷ್ಟು: ಎಣ್ಣೆ ತೆಗೆಯುವ ಕೆಲಸದಲ್ಲಿ ಅರ್ಧ ಭಾಗ ನೀರನ್ನು ಸುಮ್ನೆ ಬಿಡುವುದೇ.

ಊರ ಕಡೆಯ ಹುಡುಗರು ಹೊಸದಾಗಿ ಕೆಲಸಕ್ಕೆ ಸೇರಿದರೆ ಮೊದಲು ಕೇಳುವುದು, "ಅಣ್ಣಾ, ಯಾವ ಸ್ಕಿಮ್ಮರ್ ತಗೋಬೇಕು?" ಸ್ಕಿಮ್ಮರ್ ಅಂದರೆ ನೀರಿನ ಮೇಲೆ ತೇಲುವ ಎಣ್ಣೆ ಎತ್ತುವ ಮಷೀನು. ನಾನು ಹೇಳುವುದು, ಮೊದಲು ಒಂದು ಖಾಲಿ ಬಾಟಲಿ ತಗೋ. ಟ್ಯಾಂಕಿಗೆ ಬಂದು ಬೀಳುವ ಪೈಪಿನ ಬಾಯಿಗೇ ಹಿಡಿದು ತುಂಬಿಸು. ಅಲುಗಾಡದ ಕಡೆ ಅರ್ಧ ಗಂಟೆ ಇಡು. ಎಣ್ಣೆ ಮೇಲೆ ಬಂದು ಕೆಳಗಿನ ನೀರು ತಿಳಿಯಾದರೆ ಸ್ಕಿಮ್ಮರ್ ಸಾಕು. ನೀರು ಇನ್ನೂ ಹಾಲಿನ ಹಾಗೆ ಬೆಳ್ಳಗೇ ಇದ್ದರೆ ಎಣ್ಣೆ ನೀರಿನಲ್ಲಿ ಬೆರೆತುಹೋಗಿದೆ ಅಂತ ಅರ್ಥ. ಎಂಥ ಸ್ಕಿಮ್ಮರ್ ತಂದರೂ ಅದನ್ನು ಎತ್ತುವುದಿಲ್ಲ.

ಎಲ್ಲ ಹನಿಯ ಗಾತ್ರದ ಆಟ. ಹನಿ ಎರಡು ಪಟ್ಟು ದೊಡ್ಡದಾದರೆ ನಾಲ್ಕು ಪಟ್ಟು ಬೇಗ ಏರುತ್ತದೆ. ನೀರಿಗಿಂತ ಶೇ 10ರಷ್ಟು ಹಗುರವಾದ ಎಣ್ಣೆಯ 150 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ಹನಿ ಒಂದು ಮೀಟರ್ ಮೇಲೆ ಬರಲು ಕಾಲು ಗಂಟೆ ಸಾಕು. ಅದೇ 15 ಮೈಕ್ರಾನ್ ಹನಿಗೆ ಹತ್ತಿರ ಹತ್ತಿರ ಒಂದು ದಿನ ಬೇಕು. ಹನಿ ಒಡೆಯುವವರು ಯಾರು? ನಾವೇ. ಜೋರಾಗಿ ತಿರುಗುವ ಸೆಂಟ್ರಿಫ್ಯೂಗಲ್ ಪಂಪು ಎಣ್ಣೆಯನ್ನು ಮಜ್ಜಿಗೆ ಕಡೆದ ಹಾಗೆ ಕಡೆದುಬಿಡುತ್ತದೆ. ಸಾಧ್ಯವಾದರೆ ನೀರು ಇಳಿಜಾರಿನಲ್ಲೇ ಹರಿದು ಬರಲಿ. ಪಂಪು ಬೇಕೇ ಬೇಕು ಅಂದರೆ ಸ್ಕ್ರೂ ಪಂಪು ವಾಸಿ.

ಇನ್ನೊಬ್ಬ ಶತ್ರು ಸೋಪಿನ ಪುಡಿ. ಹೊಂದಿಕೆಯಾಗದವರನ್ನು ನಾವು ಎಣ್ಣೆ ಸೀಗೆಕಾಯಿ ಅನ್ನುತ್ತೇವೆ ಅಲ್ವಾ, ಟ್ಯಾಂಕಿನಲ್ಲಿ ನೋಡಿದರೆ ಅವೆರಡರ ದೋಸ್ತಿ ಬಿಡಿಸುವುದೇ ಕಷ್ಟ. ಕೆಲಸಕ್ಕೆ ಸೇರಿದ ವರ್ಷ ಗುಂಡಿಯ ಅಂಚು ಜಾರುತ್ತದೆ ಅಂತ ನಾನೇ ಪುಡಿ ಸುರಿದು ಉಜ್ಜಿ, ಒಳಗೇ ತೊಳೆದುಬಿಟ್ಟೆ. ಮರುದಿನ ಸ್ಕಿಮ್ಮರಿನ ಬೆಲ್ಟಿಗೆ ಏನೂ ಅಂಟಲಿಲ್ಲ, ನೀರು ಮಾತ್ರ ಬೆಳ್ಳಗೆ. ಮುಂದಿನ ಏರೇಷನ್ ಟ್ಯಾಂಕಿನಲ್ಲಿ (ಬ್ಯಾಕ್ಟೀರಿಯಾ ಕೊಳೆ ತಿನ್ನಲಿ ಅಂತ ಗಾಳಿ ಊದುವ ಟ್ಯಾಂಕು) ನೊರೆ ಉಕ್ಕಿ ದಾರಿಗೆ ಬಂತು. ಸರಿಹೋಗಲು ಒಂದು ವಾರ ಹಿಡಿಯಿತು. ಈಗ ಅಂಚಿಗೆ ಮರದ ಹೊಟ್ಟು ಹಾಕಿ ಗುಡಿಸುತ್ತೇನೆ.

ಮಷೀನಿನ ಕೂಲಂಟ್, ಅಂದರೆ ತಣಿಸಲು ಹಾಕುವ ಎಣ್ಣೆ ಬೆರೆತ ನೀರು, ಬೇರೆ ಡ್ರಮ್ಮಿಗೆ ಹೋಗಲಿ, ಗುಂಡಿಗೆ ಬೇಡ. ಅದು ಹುಟ್ಟಾ ಹಾಲು. ಆಸಿಡ್, ಆಲಂ ಹಾಕಿ ಒಡೆಯಬೇಕು. ಎಷ್ಟು ಅಂತ ಜಾರ್ ಟೆಸ್ಟ್ (ಜಾರುಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ ನೋಡುವುದು) ಮಾಡಿ ಕೆಮಿಸ್ಟ್ ಹೇಳಲಿ.

ಸ್ಕಿಮ್ಮರಿಗೆ ಬರೋಣ. ನಮ್ಮದು ಬೆಲ್ಟಿನದು. ಎಣ್ಣೆ ಬೆಲ್ಟಿಗೆ ಅಂಟಿ ಮೇಲೆ ಬರುತ್ತದೆ, ಅಲ್ಲಿ ವೈಪರ್ ರಬ್ಬರು ಅದನ್ನು ಒರೆಸಿ ತೆಗೆಯುತ್ತದೆ. ಟ್ಯಾಂಕಿನ ಕೊನೆಯಲ್ಲಿ ಒಂದು ಅಡ್ಡಗೋಡೆ ಇದೆ. ನೀರು ಅದರ ಅಡಿಯಿಂದ ಮುಂದೆ ಹೋಗುತ್ತದೆ, ಎಣ್ಣೆ ಈಚೆಗೇ ಉಳಿಯುತ್ತದೆ. ಬೆಲ್ಟು ಇಳಿಯಬೇಕಾದ್ದು ಅಲ್ಲೇ, ನೀರು ಬೀಳುವ ಕಡೆ ಅಲ್ಲ. ಮಟ್ಟ ಗೋಡೆಯ ಅಡಿಗಿಂತ ಕೆಳಗಿಳಿದರೆ ಎಣ್ಣೆ ನುಸುಳಿ ಏರೇಷನ್‌ಗೆ ಹೋಗುತ್ತದೆ, ಬ್ಯಾಕ್ಟೀರಿಯಾದ ಮೇಲೆ ಲೇಪದ ಹಾಗೆ ಕೂರುತ್ತದೆ. ಆಮೇಲೆ ಬ್ಲೋವರ್ ಎಷ್ಟು ಊದಿದರೂ ಉಪಯೋಗ ಕಮ್ಮಿ. ಹಾಗಾಗಿ ನೀರಿನ ಮಟ್ಟ ಇಳಿದಾಗ ಪಂಪು ನಿಲ್ಲಿಸುವ ಫ್ಲೋಟ್ ಸ್ವಿಚ್ಚನ್ನು ಆ ಮಟ್ಟಕ್ಕಿಂತ ಮೇಲೆಯೇ ಕಟ್ಟಿ.

ಬೆಲ್ಟನ್ನು ಇಡೀ ದಿನ ಓಡಿಸಬೇಡಿ. ಎಣ್ಣೆ ಮುಗಿದ ಮೇಲೆ ಅದು ಎತ್ತುವುದು ಬರೀ ನೀರು. ಟೈಮರ್ ಹಾಕಿ, ಶಿಫ್ಟ್ ಶುರುವಾಗುವ ಮುಂಚೆ ಓಡಲಿ. ಡಿಸೆಂಬರ್ ಚಳಿಯಲ್ಲಿ ಮಾತ್ರ ನಾನು ಮಧ್ಯಾಹ್ನಕ್ಕೆ ಬದಲಾಯಿಸುತ್ತೇನೆ. ಬೆಳಿಗ್ಗೆ ಎಣ್ಣೆ ಗಟ್ಟಿಯಾಗಿ ಬೆಲ್ಟಿನ ಹತ್ತಿರಕ್ಕೇ ಬರುವುದಿಲ್ಲ. ವೈಪರ್ ರಬ್ಬರನ್ನು ದಿನಾ ಬೆರಳಲ್ಲಿ ಸವರಿ ನೋಡಿ. ಒಂದು ಕಡೆ ಸವೆದಿದ್ದರೆ ಬೆಲ್ಟಿನ ಮೇಲೆ ಆ ಜಾಗದಲ್ಲಿ ಕಪ್ಪು ಗೆರೆ ಹಾಗೇ ಉಳಿದು ವಾಪಸ್ ಗುಂಡಿಗೆ ಇಳಿಯುತ್ತಿರುತ್ತದೆ.

ತೆಗೆದ ಎಣ್ಣೆಯನ್ನು ಬ್ಯಾರಲ್‌ನಲ್ಲಿ ಒಂದು ರಾತ್ರಿ ಬಿಡಿ. ಅಡಿಯ ವಾಲ್ವಿನಿಂದ ನೀರನ್ನು ಟ್ಯಾಂಕಿಗೆ ವಾಪಸ್ ಬಿಡಿ. ಉಳಿದದ್ದು ಅಪಾಯಕಾರಿ ತ್ಯಾಜ್ಯ. 2016ರ ನಿಯಮದ ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಪರವಾನಗಿ ಇದ್ದವರಿಗೇ, ಫಾರ್ಮ್ 10 ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆ ಚೀಟಿ) ಬರೆದೇ ಕೊಡಬೇಕು. ಗೇಟಿನ ಹತ್ತಿರ ರೊಕ್ಕ ಹಿಡಿದು ನಿಲ್ಲುವ ಟೆಂಪೋದವನಿಗೆ ಅಲ್ಲ. ನೀರಿನ ಲೆಕ್ಕ ಬೇರೆ: ಹೊಳೆ ಹಳ್ಳಕ್ಕೆ ಬಿಡುವುದಾದರೆ ಎಣ್ಣೆ ಜಿಡ್ಡು ಲೀಟರಿಗೆ 10 ಮಿಲಿಗ್ರಾಂ ದಾಟಬಾರದು.

ಕೊನೆಯದಾಗಿ, ಗುಂಡಿಗೆ ಇಳಿಯಬೇಡಿ. ದಪ್ಪ ಎಣ್ಣೆಯ ಕೆಳಗೆ ಗಾಳಿಯಾಡದೆ ನೀರು ಕೊಳೆತಿರುತ್ತದೆ. ಕೊಳೆತ ಮೊಟ್ಟೆ ವಾಸನೆಯ ಆ ಗ್ಯಾಸ್ ಜೀವ ತೆಗೆಯುತ್ತದೆ, ಜಾಸ್ತಿ ಇದ್ದರೆ ವಾಸನೆಯೂ ಗೊತ್ತಾಗುವುದಿಲ್ಲ. ಮಗ್ ಕೈಜಾರಿ ಬಿದ್ದರೆ ಬೀಳಲಿ. ನನ್ನವು ಎರಡು ಇನ್ನೂ ಅಲ್ಲೇ ಇವೆ.