ಹತ್ತು ಗಂಟೆಯ ಕೈಸಾಲ

ಜುಲೈ ತಿಂಗಳ ಒಂದು ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಆ ಕಡೆ ನಾನು ಮೆಕ್ಯಾನಿಕ್ ಆಗಿರುವ ಫ್ಲೈಯಿಂಗ್ ಸ್ಕೂಲಿನ ಇನ್‌ಸ್ಟ್ರಕ್ಟರ್, ಶಿವಮೊಗ್ಗದ ಹುಡುಗ. ಅಮೆರಿಕದ ಅರಿಜೋನಾ ರಾಜ್ಯದ ಉತ್ತರ ತುದಿಯಲ್ಲಿರುವ ಪೇಜ್ ಎಂಬ ಊರಲ್ಲಿ ವಿದ್ಯಾರ್ಥಿಯೊಬ್ಬನ ಜೊತೆ ಸಿಕ್ಕಿಹಾಕಿಕೊಂಡಿದ್ದ. ಹಿಂದಿನ ದಿನ ಫೀನಿಕ್ಸ್ ಕಡೆ ಹೊರಟಿದ್ದವರು ದಾರಿಯಲ್ಲಿ ಗುಡುಗಿನ ಮೋಡ ಕಂಡು ವಾಪಸಾಗಿದ್ದರು. ಆ ಓಡಾಟದಲ್ಲೇ 1.6 ಗಂಟೆ ಖರ್ಚಾಗಿತ್ತು.

"ಅಣ್ಣ, ಹಂಡ್ರೆಡ್ ಅವರ್‌ಗೆ ಇನ್ನು 0.8 ಅಷ್ಟೇ ಉಳಿದಿದೆ. ಅಲ್ಲಿಗೆ ಬರೋಕೆ ಎರಡು ಗಂಟೆ ಹತ್ರ ಬೇಕು. ಹತ್ತು ಗಂಟೆ ಗ್ರೇಸ್ ಇದೆಯಲ್ಲ, ಬಂದುಬಿಡ್ಲಾ?"

ಬರಬಹುದು, ಆದರೆ ಐದು ನಿಮಿಷ ತಡಿ ಅಂದೆ. "ಗ್ರೇಸ್" ಅನ್ನೋ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎಯ ನಿಯಮದಲ್ಲಿ, ಅಂದರೆ ಪಾರ್ಟ್ 91ರ 409ನೇ ವಿಧಿಯಲ್ಲಿ, ಅಂಥ ಪದವೇ ಇಲ್ಲ. ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹಾರುವ, ಅಥವಾ ಶಾಲೆಯೇ ವಿಮಾನ ಒದಗಿಸಿ ದುಡ್ಡು ತೆಗೆದುಕೊಂಡು ಕಲಿಸುವ ವಿಮಾನಕ್ಕೆ ಪ್ರತಿ 100 ಗಂಟೆಗೊಮ್ಮೆ ತಪಾಸಣೆ ಆಗಿರಬೇಕು. ತಪಾಸಣೆ ಮಾಡಬಲ್ಲ ಜಾಗಕ್ಕೆ ಬರುವ ದಾರಿಯಲ್ಲಿ ಮಾತ್ರ 10 ಗಂಟೆ ಮೀರದಂತೆ ಹೆಚ್ಚಿಗೆ ಹಾರಬಹುದು. ನಮ್ಮ ರನ್‌ವೇಯಿಂದಲೇ ಎದ್ದು, ಅಭ್ಯಾಸ ಮಾಡಿ, ಅಲ್ಲಿಗೇ ಇಳಿಯುವ ಪಾಠಕ್ಕೆ ಇದು ಸಲ್ಲುವುದಿಲ್ಲ. ಹ್ಯಾಂಗರ್ ಎದುರಿಗೇ ನಿಂತ ವಿಮಾನಕ್ಕೆ ಯಾವ ದಾರಿ?

ಆ ಐದು ನಿಮಿಷದಲ್ಲಿ ನಾನು ಮಾಡಿದ್ದು ಮೂರು ಕೆಲಸ. ಮೊದಲು ಟ್ಯಾಕ್ ಮೀಟರಿನ, ಅಂದರೆ ಎಂಜಿನ್ ಸುತ್ತಿನ ಲೆಕ್ಕದಲ್ಲಿ ಗಂಟೆ ತೋರಿಸುವ ಮೀಟರಿನ, ಫೋಟೋ ಕಳಿಸು ಅಂದೆ. ವಿಮಾನದಲ್ಲಿ ಎರಡು ಮೀಟರ್ ಇವೆ, ಗೊಂದಲ ಹುಟ್ಟುವುದೇ ಅಲ್ಲಿ. ಆಫೀಸಿನವರು ವಿದ್ಯಾರ್ಥಿಗೆ ಬಿಲ್ ಹಾಕುವುದು ಗಡಿಯಾರದ ಹಾಗೆ ಗಂಟೆ ಎಣಿಸುವ ಹಾಬ್ಸ್ ಮೀಟರ್ ನೋಡಿ, ನಾವು ತಪಾಸಣೆಯ ಲೆಕ್ಕ ಇಡುವುದು ಟ್ಯಾಕ್ ನೋಡಿ. ಎಂಜಿನ್ ನಿಧಾನವಾಗಿ ತಿರುಗುವಾಗ ಟ್ಯಾಕ್ ಕೂಡ ನಿಧಾನವಾಗಿ ಓಡುತ್ತದೆ, ಹಾಗಾಗಿ ಎರಡಕ್ಕೂ ತಾಳೆಯಾಗುವುದೇ ಇಲ್ಲ. ಹುಡುಗ ಸರಿಯಾದ್ದನ್ನೇ ನೋಡಿದ್ದ: 3286.8. ಹಿಂದಿನ ತಪಾಸಣೆ ಆದದ್ದು 3187.6ಕ್ಕೆ, ಮುಂದಿನದು 3287.6ಕ್ಕೆ.

ಎರಡನೆಯದು ಎ.ಡಿ. ಪಟ್ಟಿ, ಅಂದರೆ ಏರ್‌ವರ್ದಿನೆಸ್ ಡೈರೆಕ್ಟಿವ್‌ಗಳು, ಒಂದು ಮಾದರಿಯ ವಿಮಾನದಲ್ಲಿ ದೋಷ ಕಂಡಾಗ ಎಫ್‌ಎಎ ಹೊರಡಿಸುವ ಕಡ್ಡಾಯ ಆದೇಶಗಳು. ಬಹಳ ಜನ ಎಡವುವುದು ಇಲ್ಲಿ. 409ನೇ ವಿಧಿಯ ಹತ್ತು ಗಂಟೆ 100 ಗಂಟೆಯ ತಪಾಸಣೆಗೆ ಮಾತ್ರ. ಎ.ಡಿ.ಯ ಗಡುವು ಎಷ್ಟು ಅನ್ನುವುದು ಆ ಎ.ಡಿ.ಯಲ್ಲೇ ಬರೆದಿರುತ್ತದೆ, ಅದರಲ್ಲಿ ವಿನಾಯಿತಿ ಇಲ್ಲದಿದ್ದರೆ ಇಲ್ಲ ಅಂತಲೇ. ಸೆಸ್ನಾ ಕಂಪನಿಯ ವಿಮಾನಗಳಲ್ಲಿ ಸೀಟಿನ ಹಳಿಯ ಎ.ಡಿ. ಬಹಳ ಹಳೆಯ ತಲೆನೋವು. ಹಳಿಯ ತೂತು ಸವೆದರೆ ಪಿನ್ನು ಕಚ್ಚುವುದಿಲ್ಲ. ಮೇಲೇರುವಾಗ ಪೈಲಟ್ ಸೀಟಿನ ಸಮೇತ ಹಿಂದಕ್ಕೆ ಜಾರುತ್ತಾನೆ, ಕೈಯಲ್ಲಿ ಹಿಡಿದ ಕಂಟ್ರೋಲನ್ನೂ ಜೊತೆಗೇ ಎಳೆದುಕೊಳ್ಳುತ್ತಾನೆ. ಗಂಟೆಯ ಲೆಕ್ಕದಲ್ಲಿ ಬರುವ ಇಂಥ ಎ.ಡಿ.ಗಳನ್ನು ನಾನು 50 ಗಂಟೆಯ ಆಯಿಲ್ ಬದಲಾಯಿಸುವಾಗಲೇ ಮಾಡಿ ಸಹಿ ಹಾಕಿಬಿಡುತ್ತೇನೆ. ಎರಡು ಗಡುವು ಒಂದೇ ದಿನ ಬೀಳಬಾರದು ಅಂತ. ಆ ಬೆಳಿಗ್ಗೆ ಅದು ಕೈ ಹಿಡಿಯಿತು.

ಮೂರನೆಯದು ಆನ್ಯುಯಲ್. ಅದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಇಲ್ಲದಿದ್ದರೆ ಬಾ ಅನ್ನುವ ಮಾತೇ ಇರಲಿಲ್ಲ. ವಾರ್ಷಿಕ ತಪಾಸಣೆಗೆ ಒಂದು ದಿನದ ಸಡಿಲವೂ ಇಲ್ಲ. ಮಾರ್ಚ್ 3ಕ್ಕೆ ಸಹಿ ಆದರೆ ಮುಂದಿನ ವರ್ಷ ಮಾರ್ಚ್ 31ರವರೆಗೆ ನಡೆಯುತ್ತದೆ, ಏಪ್ರಿಲ್ 1ಕ್ಕೆ ವಿಮಾನ ನೆಲಕ್ಕೆ ಅಂಟಿಕೊಂಡ ಹಾಗೆ. ಆಮೇಲೆ ಎಬ್ಬಿಸಬೇಕಾದರೆ ಎಫ್‌ಎಎಯ ಫೆರ್ರಿ ಪರ್ಮಿಟ್, ಅಂದರೆ ವಿಮಾನ ಸಾಗಿಸುವ ಒಂದು ಹಾರಾಟಕ್ಕೆ ವಿಶೇಷ ಅನುಮತಿ, ಬೇಕು. ಆ ಒಂದು ಹಾರಾಟಕ್ಕೆ ವಿಮಾನ ಸುರಕ್ಷಿತ ಅಂತ ಮೆಕ್ಯಾನಿಕ್ ನೋಡಿ ಬರೆದುಕೊಡಬೇಕು, ಹಾರಿಸಲು ಬೇಕಾದವರ ಹೊರತು ಬೇರೆ ಯಾರೂ ಒಳಗೆ ಕೂರುವ ಹಾಗಿಲ್ಲ.

ವಾಪಸ್ ಫೋನ್ ಮಾಡಿ, ಹೊರಡು ಅಂದೆ. "ಹೆಂಗೂ ಹತ್ತು ಗಂಟೆ ಇದೆ, ಸೆಡೋನಾದಲ್ಲಿ ಎರಡು ಲ್ಯಾಂಡಿಂಗ್ ಮಾಡಿಸಿ ಬರ್ಲಾ ಅಣ್ಣ? ಹುಡುಗ ನೋಡಿಲ್ಲ ಅಂತೆ." ಸೆಡೋನಾ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಯಾರಿಗೂ ಆಸೆ ಆಗುವ ಜಾಗವೇ. ಆದರೂ ಬೇಡ ಅಂದೆ. ತಪಾಸಣೆಗೆ ಬರುತ್ತಿದ್ದೇನೆ ಅಂದವನು ಲ್ಯಾಂಡಿಂಗ್ ಪಾಠ ಮಾಡುತ್ತಾ ಕೂತರೆ, ನಾಳೆ ಇನ್‌ಸ್ಪೆಕ್ಟರ್ ಲಾಗ್‌ಬುಕ್ ತೆರೆದು ಕೇಳಿದಾಗ ಏನು ಹೇಳುವುದು? ನೇರ ಬಾ, ಪೆಟ್ರೋಲಿಗೆ ಬಿಟ್ಟು ಎಲ್ಲೂ ಇಳಿಯಬೇಡ.

ಬಂದಿಳಿದಾಗ ಟ್ಯಾಕ್ 3288.7. ಮೀರಿದ್ದು 1.1 ಗಂಟೆ.

ಇನ್ನು ಕೈಸಾಲದ ವಿಷಯ. ಮೀರಿದ ಹೊತ್ತನ್ನು ಮುಂದಿನ ನೂರರಲ್ಲಿ ತೀರಿಸಬೇಕು. ಮುಂದಿನ ಗಡುವು 3388.7 ಅಲ್ಲ, 3387.6. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಇದನ್ನು ತಪ್ಪು ಬರೆದಿದ್ದೆ. ತಪಾಸಣೆ ಆದ ಗಂಟೆಗೆ ನೂರು ಕೂಡಿಸಿ ಬೋರ್ಡಿನ ಮೇಲೆ ಹಾಕಿದ್ದೆ. ಕೆಲಸ ಕಲಿಸಿದ ಮುದುಕ ಏನೂ ಹೇಳದೆ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ನನ್ನ ಕೈಗಿಟ್ಟು ಹೋದ. ವಿಚಿತ್ರ ಅಂದರೆ ಬೇಗ ಮಾಡಿದರೆ ಉಳಿತಾಯವೇನೂ ಸಿಗುವುದಿಲ್ಲ. 95ಕ್ಕೇ ಮುಗಿಸಿದರೆ ಅಲ್ಲಿಂದಲೇ ಹೊಸ ನೂರು ಶುರು, ಆ ಐದು ಗಂಟೆ ಹೋದಂತೆಯೇ. ಮಾಲೀಕರು ಕೊನೆಯ ಗಳಿಗೆವರೆಗೂ ಎಳೆಯುವುದು ಇದಕ್ಕೇ. ನನ್ನನ್ನು ಕೇಳಿದರೆ, ದೂರದೂರಿನ ಕ್ರಾಸ್‌ಕಂಟ್ರಿ ಹಾರಾಟಕ್ಕೆ ಐದು ಗಂಟೆ ಉಳಿದ ವಿಮಾನ ಕಳಿಸುವುದಕ್ಕಿಂತ ಆ ಐದು ಗಂಟೆ ಕಳೆದುಕೊಳ್ಳುವುದೇ ವಾಸಿ. ಮುಂಗಾರಿನ ಮೋಡಕ್ಕೆ ನಮ್ಮ ಟ್ಯಾಕ್ ಗೊತ್ತಿರುವುದಿಲ್ಲ. ಹೌದು, ಅರಿಜೋನಾದಲ್ಲೂ ಮುಂಗಾರು ಇದೆ.

ಎಂಜಿನ್ ಮುಚ್ಚುವ ಕೌಲಿಂಗ್ ಬಿಚ್ಚಿ, ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ ಮಡಿಕೆ ಮಡಿಕೆ ಬಿಡಿಸಿ ನೋಡಿದೆ. ಲೋಹದ ಚೂರು ಇರಲಿಲ್ಲ. ನಾಲ್ಕು ಸಿಲಿಂಡರಿನ ಕಂಪ್ರೆಷನ್ ಸರಿಯಿತ್ತು, ಎಡಗಡೆಯ ಬ್ರೇಕ್ ಲೈನಿಂಗ್ ಮಾತ್ರ ಸವೆದು ಕೊನೆ ಮುಟ್ಟಿತ್ತು, ಬದಲಾಯಿಸಿದೆ. ಸಂಜೆ ಲಾಗ್‌ಬುಕ್ಕಿನಲ್ಲಿ ಸಹಿ ಹಾಕುವಾಗ ಶಿವಮೊಗ್ಗದ ಹುಡುಗ ಪಕ್ಕದಲ್ಲೇ ನಿಂತಿದ್ದ. ಬೋರ್ಡಿನ ಮೇಲೆ ಮುಂದಿನ ಗಡುವು ನೀನೇ ಬರಿ ಅಂದೆ. 3388 ಅಂತ ಶುರು ಮಾಡಿದವನು ನನ್ನ ಮುಖ ನೋಡಿ, ಕೊನೆಯ ಎಂಟನ್ನು ಅಂಗೈಯಲ್ಲಿ ಒರೆಸಿಕೊಂಡ.